ಗೂಡು ಕೆರೆಯಾಚೆಗೆ ಹೋಗಲಿ

ಅಣ್ಣ,

ಅಮ್ಮನನ್ನು ಕುಂದಾಣಕ್ಕೆ, ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀನು ಏಳುವವರೆಗೂ ಕಾಯಲಾಗಲಿಲ್ಲ. ಇದ್ದಿಲಿನಿಂದ ಓಡುವ ಬಸ್ಸು, ಹಿಂಬದಿಯ ಒಲೆಯ ಹೊಗೆ ತಾಗದಂತೆ ಅವಳನ್ನು ಮುಂದೆ ಕೂರಿಸುತ್ತೇನೆ.

ಹೋದ ಸಲ ಇಟ್ಟಿಗೆ ಗೂಡು ಉರಿದಷ್ಟು ದಿನವೂ ಅಮ್ಮನಿಗೆ ಉಬ್ಬಸ. ಗೋಡೆಗೊರಗಿ ಕೂತೇ ಇದ್ದಳು, ಮಲಗಲಾಗಲಿಲ್ಲ. ಕೇಳಿದರೆ, "ಹೊಗೆ ಏನ್ ಮಾಡ್ತದೆ ಬಿಡ್ಲಾ, ನಿಮ್ಮಣ್ಣ ಗೂಡು ಹಚ್ಲಿ" ಅನ್ನುತ್ತಾಳೆ. ನೀನು ಅದನ್ನೇ ನಂಬುತ್ತೀಯ.

ಹಸಿ ಸೌದೆ ಉರಿಸಬೇಡ, ಒಣಗಲಿ. ಈ ಸಲ ಮನೆ ಹತ್ತಿರ ಒಟ್ಟಿರುವ ಗೂಡು ಬಿಚ್ಚಿಸಿ ಕೆರೆಯಾಚೆ ಒಟ್ಟಿಸು. ಅಲ್ಲಿಂದ ಹೊಗೆ ಊರಿಗೆ ಬರುವುದಿಲ್ಲ.

ಎಮ್ಮೆಗೆ ನೀರಿಟ್ಟಿಲ್ಲ, ನೋಡು.

ಅಮ್ಮನೇ ಮೊದಲ ಬೆಂಕಿ ಇಡದಿದ್ದರೆ ಇಟ್ಟಿಗೆ ಬೇಯುವುದಿಲ್ಲ ಎನ್ನುವವನು ನೀನು. ಅದಕ್ಕೇ ಅವಳನ್ನು ಕರೆದುಕೊಂಡು ಹೊರಟೆ. ಗೂಡು ಆಚೆಗೆ ಹೋದ ದಿನ ಹೇಳಿ ಕಳಿಸು, ನಾನೇ ಕರೆತರುತ್ತೇನೆ.

ಮುನಿರಾಮ