ಕೆನೆಬಣ್ಣದ ಕಾರು ಮಾರಾಟಕ್ಕಿದೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹೋದ ಸಲ ಬರೆದಾಗ ಕೆಮ್ಮು ಬಿಟ್ಟಿಲ್ಲ ಅಂದಿದ್ದೆ. ಬಂದರಿನ ಗಾಳಿ ನಿನಗೆ ಆಗಿಬರುವುದಿಲ್ಲ, ಕುತ್ತಿಗೆಗೆ ಏನಾದರೂ ಸುತ್ತಿಕೊಂಡೇ ಕೆಲಸಕ್ಕೆ ಹೋಗು. ನಾನು ಹೆಣೆದು ಕಳಿಸಿದ ಮಫ್ಲರು ಪೆಟ್ಟಿಗೆಯ ತಳದಲ್ಲಿ ಬಿದ್ದಿರಬೇಕು, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಾವೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಏಳುತ್ತಿಲ್ಲ. ಇದನ್ನು ನಿಂತು ಓದಬೇಡ, ಕೂತುಕೊಂಡು ಓದು.

ಅಪ್ಪ ಕಾರು ಮಾರಲು ಹೊರಟಿದ್ದರು. ಅದೇ, ನಮ್ಮ ದೊರೆಸಾನಿಯನ್ನು. ಇಂಗ್ಲೆಂಡಿನಲ್ಲಿ ಹುಟ್ಟಿ ಯಾರದೋ ಗೋದಾಮಿನ ಹಿಂದೆ ಕೋಳಿಗೂಡಾಗಿ ಬಿದ್ದಿದ್ದವಳನ್ನು ಎಳೆದು ತಂದು, ನಾವು ಲಂಗ ಚಡ್ಡಿ ಹಾಕುತ್ತಿದ್ದ ಕಾಲದಿಂದ ಅಪ್ಪ ಅವಳ ಸೇವೆ ಮಾಡಿದರು. ಸೀಟಿಗೆ ತೊಗಲು ಹೊಲಿದರು, ಸ್ಟಿಯರಿಂಗಿನ ಹಿಂದೆ ಹೊಳೆಯುವ ಮರದ ಹಲಗೆ ಕೂರಿಸಿದರು, ಮಡಚುವ ಟಾಪಿಗೆ ಹೊಸ ಕ್ಯಾನ್ವಾಸು ಹಾಕಿದರು. ಅಮ್ಮ ಇದ್ದಾಗ "ನಿಮ್ಮಪ್ಪ ನನಗೆ ಸವತಿ ತಂದಿದ್ದಾರೆ ಕಣ್ರೋ" ಅಂತ ನಗುತ್ತಿದ್ದಳು. ನೀನು ಆವತ್ತು ಸಂಜೆ ನಾಯಿ ಅಡ್ಡ ಬಂತು ಎಂದು ಹೇಳಿ ಕಾರನ್ನು ತಂದು ಶೆಡ್ಡಿಗೆ ಬಿಟ್ಟೆಯಲ್ಲ, ಅದರ ಮುಂದಿನ ವಾರವೇ ಕೆಲಸ ಸಿಕ್ಕಿತೆಂದು ಊರು ಬಿಟ್ಟೆಯಲ್ಲ, ಅಲ್ಲಿಂದೀಚೆಗೆ ಅಪ್ಪ ಅದನ್ನು ಬೀದಿಗೆ ಇಳಿಸಲೇ ಇಲ್ಲ. ಬಾಗಿಲು ಹಾಕಿಕೊಂಡು ಎಡಗಡೆಯ ಲ್ಯಾಂಪು, ಮಡ್‌ಗಾರ್ಡು ಸರಿಮಾಡಿ, ಇಡೀ ಕಾರಿನ ಬಣ್ಣ ಬದಲಾಯಿಸಿದರು. ಯಾಕಪ್ಪಾ ಅಂದರೆ "ಕೆನೆಬಣ್ಣಕ್ಕೆ ಗಿರಾಕಿ ಜಾಸ್ತಿ" ಅಂದರು. ನಾನೂ ನಂಬಿದೆ. ಎರಡು ವರ್ಷ ಟಾರ್ಪಾಲು ಹೊದಿಸಿ ಇಟ್ಟಿದ್ದವರು ಹೋದ ತಿಂಗಳು ಇದ್ದಕ್ಕಿದ್ದಂತೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. "ಕಣ್ಣೆದುರಿಂದ ಹೋದ್ರೆ ಸಾಕು" ಅಂದರು. ವಯಸ್ಸಿನ ಬೇಸರ ಅಂದುಕೊಂಡೆ.

ನೋಡಲು ಬಂದವರ ಕಥೆ ಏನು ಹೇಳಲಿ. ಹಲ್ಲಿನ ಡಾಕ್ಟರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯೆಲ್ಲ ಕೇಳುವಂತೆ ಹಾರ್ನ್ ಹೊಡೆದರು, ಆಮೇಲೆ ಮನೆಯಲ್ಲಿ ವಿಚಾರ ಮಾಡುತ್ತೇವೆ ಅಂದರು. ಆ ಹೆಂಡತಿಗೆ ಇಳಿಯಲು ಮನಸ್ಸೇ ಇರಲಿಲ್ಲ ಪಾಪ. ಅವರು ಹೋದ ಮೇಲೆ ಒಬ್ಬ ಹೆಂಗಸು ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳಂತೆ, ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು. ಕಾರು ಕೊಳ್ಳುವವಳಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು, ಆದರೂ ನೋಡಿಕೊಂಡು ಹೋಗಲಿ ಎಂದು ಶೆಡ್ಡಿನ ಬಾಗಿಲು ತೆಗೆದೆ. ಅವಳು ತೊಗಲು ನೋಡಲಿಲ್ಲ, ಮರ ಮುಟ್ಟಲಿಲ್ಲ. ಎಡಗಡೆ ಲ್ಯಾಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇದಕ್ಕೆ ಮೊದ್ಲು ಯಾವ ಬಣ್ಣ ಇತ್ತು?" ಎಂದು ಕೇಳಿದಳು.

"ಹಸಿರು" ಅಂದೆ. ನನಗೇನು ಗೊತ್ತು?

ಅವಳು ನೆಲದ ಮೇಲೇ ಕೂತುಬಿಟ್ಟಳು. ಬೇಕರಿಯಿಂದ ಬ್ರೆಡ್ಡು ಹೇರಿಕೊಂಡು ಸೈಕಲ್ಲಿನಲ್ಲಿ ಹೊರಟಿದ್ದ ಅವಳ ಗಂಡನನ್ನು ಒಂದು ಕಾರು ಗುದ್ದಿ ಹೋಗಿತ್ತಂತೆ. ಆಸ್ಪತ್ರೆಯಲ್ಲಿ ಎರಡು ದಿನ ಜೀವ ಹಿಡಿದುಕೊಂಡಿದ್ದು ತೀರಿಕೊಂಡನಂತೆ. "ಟಾಪ್ ಇಲ್ದೇ ಇರೋ ಹಸಿರು ಕಾರು. ಹುಡುಗ ಇಳಿದು ಬಂದ, ನನ್ನ ಮುಖ ನೋಡ್ದ, ನೀರು ಕೇಳ್ದೆ, ವಾಪಸ್ ಹೋಗಿ ಕಾರ್ ಹತ್ತಿದ. ಸಾಯೋಕ್ ಮುಂಚೆ ಇಷ್ಟೇ ಹೇಳಿದ್ರಮ್ಮ ನಮ್ಮ ಯಜಮಾನ್ರು" ಅಂದಳು. ಅಂದಿನಿಂದ ಇಂಥ ಕಾರು ಎಲ್ಲೇ ಕಂಡರೂ, ಯಾರೇ ಮಾರಿದರೂ, ಹೋಗಿ ನೋಡುತ್ತಾಳಂತೆ.

ಹಿಂದೆ ನಿಂತಿದ್ದ ಅಪ್ಪನನ್ನು ನಾನು ಆಗ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಕೂಡ ಮಾಡಲಿಲ್ಲ ಅವರು. ನೇರವಾಗಿ ಮುಂದೆ ಬಂದು "ಇದೇ ಕಾರಮ್ಮ. ಓಡಿಸ್ತಾ ಇದ್ದದ್ದು ನಾನೇ" ಅಂದರು. ಅವಳು ತಲೆಯೆತ್ತಿ "ಹುಡುಗ ಅಂದಿದ್ರು" ಅಂದಳು. "ಸಾಯೋ ಹೊತ್ತಲ್ಲಿ ಕಣ್ಣು ಮಂಜಾಗಿರುತ್ತೆ" ಅಂದರು ಅಪ್ಪ. ನಮ್ಮ ಅಪ್ಪನ ಬಾಯಿಂದ ಇಂಥ ಮಾತು ಬರಬಹುದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಆಡಿದ ಮೇಲೆ ಅವರಿಗೂ ಅದು ಚುಚ್ಚಿರಬೇಕು, ಕೈಜೋಡಿಸಿದರು. ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದು, ಅವಳ ಜೊತೆಯಲ್ಲೇ ಪೊಲೀಸ್ ಠಾಣೆಗೆ ನಡೆದರು. ನಾನು ತೋಳು ಹಿಡಿದು ಎಳೆದೆ. "ಅವನಿಗೆ ಬರೀಬೇಡ. ಆಣೆ ಇದೆ" ಅಂದರು.

ಈಗ ಅಪ್ಪ ಜೈಲಿನಲ್ಲಿದ್ದಾರೆ. ದೊರೆಸಾನಿಯನ್ನು ಸರಪಳಿ ಕಟ್ಟಿ ಎಳೆದುಕೊಂಡು ಹೋದರು, ಠಾಣೆಯ ಹಿತ್ತಲಲ್ಲಿ ಬಿಸಿಲಿಗೆ ನಿಂತಿದ್ದಾಳೆ. ನಾನು ದಿನವೂ ಊಟ ತೆಗೆದುಕೊಂಡು ಹೋಗುತ್ತೇನೆ. ಎರಡು ತುತ್ತು ತಿಂದು ಡಬ್ಬಿ ಮುಚ್ಚುತ್ತಾರೆ. ಮೊನ್ನೆ ಉಬ್ಬಸ ಹೆಚ್ಚಾಗಿ ಗೋಡೆ ಹಿಡಿದುಕೊಂಡು ಬಂದರು. ಆವಾಗಲೂ ಕೇಳಿದ್ದು ನಿನ್ನ ಕೆಮ್ಮನ್ನೇ. ನಾಯಿಯಲ್ಲ ಎಂದು ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ಲ್ಯಾಂಪ್ ಬಿಚ್ಚಿದಾಗ್ಲೇ" ಅಂದರು. ಅದರ ಸಂದಿಯಲ್ಲಿ ಅಂಗಿಯ ಚೂರು ಸಿಕ್ಕಿತ್ತಂತೆ. ಎರಡು ವರ್ಷ ನನ್ನೆದುರು ಕೂತು ಉಣ್ಣುತ್ತಿದ್ದ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡರು ಕಣೋ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂತರೆ ನೀನು ಮೂರು ವರ್ಷದವನಾಗಿ ಕಣ್ಣೆದುರು ಬರುತ್ತೀಯ, ಸಿಟ್ಟು ಅಲ್ಲಿಗೇ ನಿಲ್ಲುತ್ತದೆ. ಆದರೆ ಅವನು ನೀರು ಕೇಳಿದ್ದನಂತಲ್ಲೋ. ಅಷ್ಟಾದರೂ ಕೊಡಬಾರದಿತ್ತೇ?

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲೇ ಇದ್ದರೂ ನಿನ್ನ ಜೀವ ತಣ್ಣಗಿರಲಿ ಎಂದು ಹರಸಬೇಕು, ಅಕ್ಕನಾದವಳು. ಹರಸಿದ್ದೇನೆ ಅಂದುಕೋ.

ನಿನ್ನ
ಅಕ್ಕ

ಮರೆತ ಮಾತು: ನಿನ್ನೆ ಆ ಹೆಂಗಸು ಮನೆಗೆ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ. "ಆ ಮುದುಕರನ್ನ ಒಳಗೆ ಹಾಕ್ಸಿ ನನಗೇನಾಗ್ಬೇಕಮ್ಮ? ನನ್ನ ಗಂಡನ ಮುಖ ನೋಡ್ದೋನು ಬೇಕು ನನಗೆ" ಅಂದಳು. ಅಪ್ಪನ ಆಣೆ ಮೀರಿದ್ದೇನೆ, ನಿನ್ನ ವಿಳಾಸ ಕೊಟ್ಟಿದ್ದೇನೆ. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಅವಳು ರೈಲು ಹತ್ತಿರುತ್ತಾಳೆ. ಪೊಲೀಸರನ್ನು ಕರೆದುಕೊಂಡು ಬರುತ್ತಿಲ್ಲ, ಒಬ್ಬಳೇ ಬರುತ್ತಾಳೆ. ಬಾಗಿಲು ತೆಗೆ.