ಊರಬಾಗಿಲ ಪಕ್ಕದ ಬಾವಿ

ಸಿದ್ಧಲಿಂಗ ಮಾವನಿಗೆ, ನಿಮ್ಮ ಅಕ್ಕನ ಮಗ ಶಿವಣ್ಣ ಬರೆಯುವುದು.

ಹೋದ ವಾರ ನಾನು ಸಿಂಹಳದಲ್ಲಿದ್ದೆ ಎಂದರೆ ನಂಬುತ್ತೀರಾ? ನಮ್ಮ ಕಾಯಿಪುಡಿ ಕಾರ್ಖಾನೆಯ ಗಂಗಣ್ಣ ಸಾಹುಕಾರರು ಅಲ್ಲಿನ ಹೊಸ ಯಂತ್ರಗಳನ್ನು ತೋರಿಸಲು ಆರು ಜನರನ್ನು ಕರೆದುಕೊಂಡು ಹೋದರು. ಐವರು ಯಂತ್ರ ಬಲ್ಲವರು. ಆರನೆಯವನು ನಾನು, ಆಫೀಸಿನಲ್ಲಿ ಕೂತು ಕಾಗದ ಬರೆಯುವವನು. ನನ್ನನ್ನೇಕೆ ಸೇರಿಸಿದರು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಪಾಸ್‌ಪೋರ್ಟಿನ ಫೋಟೊಗೆ ಕೋಟು ತೊಟ್ಟು ನಿಂತ ಸಂಭ್ರಮದಲ್ಲಿ ಕೇಳಿಕೊಳ್ಳಲಿಲ್ಲ.

ನೀವು ಊರಬಾಗಿಲ ಕೆಳಗೆ ಚಾಪೆ ಹಾಸಿ ಕೂತ ಬೆಳಿಗ್ಗೆ ಕಣ್ಣಿಗೆ ಕಟ್ಟಿದೆ. ಕಾಯಿ ತುಂಬಿದ ಲಾರಿ ಆ ಕಲ್ಲಿನ ಕಮಾನಿಗೆ ತಗಲುತ್ತದೆ, ಬಾಗಿಲು ಕೆಡವದಿದ್ದರೆ ಕಾರ್ಖಾನೆಯನ್ನು ತಿಪಟೂರಿಗೆ ಒಯ್ಯುತ್ತೇವೆ ಎಂದು ಸಾಹುಕಾರರು ಪಂಚಾಯ್ತಿಗೆ ಹೇಳಿದ್ದರು. ನೀವು ಓವರ್‌ಸಿಯರ್ ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಟೇಪು ಹಿಡಿದು ಅಳೆದು, ನಕ್ಷೆ ಬರೆದು ತಂದಿದ್ದಿರಿ. ಬಾಗಿಲು ಹಾಗೇ ಇರಲಿ, ಪಕ್ಕದ ಮಣ್ಣಿನ ಗೋಡೆಯಲ್ಲಿ ದಾರಿ ತೆಗೆಯಿರಿ, ಲಾರಿಯೂ ಹೋಗುತ್ತದೆ ಬಾಗಿಲೂ ಉಳಿಯುತ್ತದೆ ಎಂದು ಬಂದವರಿಗೆಲ್ಲ ತೋರಿಸಿದಿರಿ. ಯಾರು ಕೇಳಿದರು? ಹಮಾಲರ ಮುಖಂಡ ರಂಗಪ್ಪ ಎದುರಿಗೆ ನಿಂತು, "ಕಾರ್ಖಾನೆ ಹೋದ್ರೆ ನಾವೇನು ಈ ಕಲ್ಲು ತಿನ್ನಣೇನ್ರೀ ಯಜಮಾನ್ರೇ? ಪಿಂಚಣಿ ಬರೋರಿಗೆ ನಮ್ ಹೊಟ್ಟೆಪಾಡು ಎಲ್ ಗೊತ್ತಾಗ್ಬೇಕು," ಎಂದ. ನೀವು ನಕ್ಷೆಯನ್ನು ಅವನ ಕಡೆ ತಿರುಗಿಸಿ ಹಿಡಿದಿರಿ. ಅವನಿಗೆ ಓದಲು ಬರುವುದಿಲ್ಲ.

ಆಮೇಲೆ ಪಂಚಾಯ್ತಿಯವರು ಕಾರ್ಖಾನೆಯಿಂದ ಲಿಖಿತ ವರದಿ ಕೇಳಿದ ದಿನ ಬಂತು. ಅರ್ಜಿ ಬರೆಯುವುದನ್ನು ನನಗೆ ಕಲಿಸಿದವರೇ ನೀವು. ಅಮ್ಮಸಂದ್ರದ ರಸ್ತೆಯ ಗುಂಡಿ, ಸೊಸೈಟಿಯಲ್ಲಿ ಮಾಯವಾಗುವ ಸೀಮೆಎಣ್ಣೆ, ಆಸ್ಪತ್ರೆಗೆ ಬಾರದ ಡಾಕ್ಟರು, ಯಾವುದನ್ನು ನಾನು ಬಿಟ್ಟಿದ್ದೇನೆ? ತುರ್ತು ಪರಿಸ್ಥಿತಿಯಲ್ಲಿ ಊರೆಲ್ಲ ಬಾಯಿಮುಚ್ಚಿಕೊಂಡಿದ್ದಾಗಲೂ ತಹಶೀಲ್ದಾರರಿಗೆ ಹೆಸರು ಹಾಕಿ ಬರೆದವನು ನಾನು. ಅಂಥ ನಾನು ಸಾಹುಕಾರರು ಮೆಲ್ಲಗೆ ಹೇಳಿದ್ದನ್ನು ನೀಟಾಗಿ ಬರೆದುಕೊಟ್ಟೆ: ಬಾಗಿಲ ಪಕ್ಕದಲ್ಲಿ ಹಳೆಯ ಬಾವಿ ಮುಚ್ಚಿಹೋಗಿದೆ, ನೆಲ ಮೆದು, ಲಾರಿ ಕುಸಿಯುವ ಅಪಾಯವಿದೆ. ಓವರ್‌ಸಿಯರ ಸ್ವಂತ ಸೋದರಳಿಯನೇ ಬರೆದಿದ್ದಾನಲ್ಲ ಎಂದು ಎಲ್ಲರೂ ಒಪ್ಪಿದರು. ಕೆಲಸ ಹೋಗುತ್ತದೆಂಬ ಭಯ ಇತ್ತು, ಸುಳ್ಳೇಕೆ ಹೇಳಲಿ. ಸದಾ ನೀವೇ ಸರಿಯಾಗಿರುತ್ತೀರಿ ಎಂಬ ಸಣ್ಣ ಸಿಟ್ಟೂ...

ಮಾರನೆಯ ದಿನ ನೀವು ನಮ್ಮ ಮನೆಯ ಜಗುಲಿಯ ಹತ್ತಿರ ಬಂದು ನಿಂತಿರಿ, ಮೇಲೆ ಹತ್ತಲಿಲ್ಲ. "ಬಾವಿ ಎಲ್ಲೈತೆ, ತೋರ್ಸು ಬಾರಯ್ಯ," ಎಂದಿರಿ. ಅಷ್ಟೇ. ಆ ಬಾವಿ ಬಾಗಿಲಿನಿಂದ ಐವತ್ತು ಹೆಜ್ಜೆ ಆಚೆ, ಹುಣಿಸೆಮರದ ಹತ್ತಿರ ಇತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಫೀಸಿಗೆ ಹೊತ್ತಾಯಿತು ಮಾವ ಎಂದು ಸೈಕಲ್ ಹತ್ತಿದೆ. ಎರಡು ತಿಂಗಳಿಗೆ ನೀವು ತೀರಿಹೋದಿರಿ. ಆ ಎರಡು ತಿಂಗಳಲ್ಲಿ ಎಷ್ಟು ಸಲ ನಿಮ್ಮ ಬೀದಿ ತಪ್ಪಿಸಿ ಬಳಸುದಾರಿಯಲ್ಲಿ ಹೋದೆನೋ!

ಗಾಲೆ ಎಂಬ ಊರಿಗೆ ಹೋದದ್ದು ಭಾನುವಾರ, ಕಾರ್ಖಾನೆಗಳಿಗೆ ರಜೆ ಎಂದು. ಸಮುದ್ರಕ್ಕೆ ಚಾಚಿಕೊಂಡಿರುವ ಕೋಟೆ ಊರು. ಡಚ್ಚರು ಕಟ್ಟಿದ ಗೋಡೆಯ ಮೇಲೆ ಎತ್ತಿನಗಾಡಿ ಹೋಗಬಹುದು, ಅಷ್ಟು ದಪ್ಪ. ಒಳಗೆ ಕಚೇರಿ, ಮಸೀದಿ, ಅಂಗಡಿ, ಸೀರೆ ಒಣಹಾಕಿದ ಹಿತ್ತಿಲು. ಜನ ಬದುಕುತ್ತಿದ್ದಾರೆ ಮಾವ, ಅದೇನು ಹಾಳುಬಿದ್ದ ಕೋಟೆಯಲ್ಲ. ಒಳಗಿನವರೇ ಆದ ಒಬ್ಬ ಮುದುಕರು ಇಂಗ್ಲಿಷಿನಲ್ಲಿ ವಿವರಿಸುತ್ತ ಜೊತೆಗೆ ಬಂದರು. ಹಳೆಯ ಬಾಗಿಲ ಮುಂದೆ ನಿಲ್ಲಿಸಿ ಒಂದು ಮಾತು ಹೇಳಿದರು. ನೂರು ವರ್ಷದ ಹಿಂದೆ ಗಾಡಿಗಳ ಓಡಾಟ ಹೆಚ್ಚಿದಾಗ ಇಂಗ್ಲಿಷರು ಇದನ್ನು ಮುಟ್ಟದೆ, ಆಚೆ ಗೋಡೆಯಲ್ಲಿ ಬೇರೆ ಬಾಗಿಲು ತೆಗೆದರಂತೆ. ಈಗ ಮೋಟಾರುಗಳೂ ಅದರೊಳಗೇ ಬರುತ್ತವೆ. ನಿಮ್ಮ ನಕ್ಷೆಯನ್ನೇ ಕಲ್ಲಿನಲ್ಲಿ ಕಟ್ಟಿಟ್ಟ ಹಾಗಿತ್ತು.

ಒಂದು ಬಾಗಿಲಿನಿಂದ ಇನ್ನೊಂದರ ಕಡೆಗೆ ನಾನು ಹೆಜ್ಜೆ ಎಣಿಸುತ್ತ ಹೊರಟದ್ದನ್ನು ಸಾಹುಕಾರರು ನೋಡಿದರು.

"ಏನಯ್ಯಾ, ಇದ್ನೂ ಅಳೀತೀಯಾ? ನಿಮ್ ಮಾವನ ಬುದ್ಧಿ ಎಲ್ಲಿ ಹೋಗ್ತದೆ," ಎಂದು ನಕ್ಕರು.

"ಬಾವಿ ಅಲ್ಲಿರಲಿಲ್ಲ ಸಾಹುಕಾರ್ರೇ," ಎಂದೆ.

"ನಂಗೊತ್ತಿಲ್ವೇನಯ್ಯ? ಆ ಬಾವಿ ನೀರು ಕುಡಿದೇ ಬೆಳೆದೋನು ನಾನು. ನಾನು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ, ನೀನು ಬರೆದ್ರೆ ನಂಬ್ತಾರೆ." ಹೆಗಲ ಮೇಲೆ ಕೈಯಿಟ್ಟರು. "ಈಗ್ಯಾಕೆ ಅದೆಲ್ಲ. ಕೆಡವೋಕೆ ಶುರು ಮಾಡಿ ಮೂರು ದಿನ ಆಯ್ತು. ನೀನು ಊರಲ್ಲಿದ್ರೆ ಮಾವನ್ನ ನೆನೆಸ್ಕೊಂಡು ಸಂಕಟ ಪಡ್ತಿದ್ದೆ. ಅದಕ್ಕೇ ಕರ್ಕೊಂಡ್ ಬಂದಿದ್ದು."

ಆ ಮಾತಿನಲ್ಲಿ ಕೇಡಿರಲಿಲ್ಲ, ಅದೇ ನನ್ನನ್ನು ಸುಟ್ಟಿತು. ನನ್ನ ಸತ್ಯವಂತಿಕೆಗೂ ಒಂದು ಉಪಯೋಗ ಇತ್ತು, ಅದನ್ನು ಅವರು ಕಂಡುಕೊಂಡರು. ಊರಿನವರನ್ನೆಲ್ಲ ಇಷ್ಟು ವರ್ಷ ಬೈದು ಬರೆದೆನಲ್ಲ, ಯಾವ ಮುಖ ಇಟ್ಟುಕೊಂಡು?

ಊರಿಗೆ ಬಂದು ಬಸ್ಸು ಇಳಿದಾಗ ಬಾಗಿಲಿದ್ದ ಜಾಗದಲ್ಲಿ ಆಕಾಶ ಕಂಡಿತು. ಕಾರ್ಖಾನೆಯ ಹೊಸ ಗೋಡೌನಿನ ಪಾಯಕ್ಕೆಂದು ಆ ಕಲ್ಲುಗಳನ್ನು ಲಾರಿಗೆ ಹೇರಲು ರಂಗಪ್ಪ ಮತ್ತು ಅವನ ಕಡೆಯವರು ಸಜ್ಜಾಗಿದ್ದರು. ನಾನು ಪೆಟ್ಟಿಗೆ ಕೆಳಗಿಟ್ಟು, ಅಲ್ಲೇ, ಎಲ್ಲರ ಎದುರಿಗೆ, ವರದಿ ಸುಳ್ಳು ಎಂದೆ. ನಕ್ಷೆ ಸರಿಯಿತ್ತು, ಬಾಗಿಲು ಉಳಿಸಿಕೊಂಡೇ ಲಾರಿ ಹೋಗಬಹುದಿತ್ತು ಎಂದೆ. ರಂಗಪ್ಪ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಹಂಗಾರೆ ಅವತ್ತು ನಾವು ಅವರನ್ನ ಅಂದಿದ್ದು?"



ನಿಮಗೆ ತಿಳಿಯದ ಸುದ್ದಿ ಇದು ಮಾವ: ಅವರು ಆ ಕಲ್ಲು ಹೇರಲಿಲ್ಲ. ಓವರ್‌ಸಿಯರು ಹೇಳಿದ್ದೇ ಸರಿ ಎಂದು ಪಂಚಾಯ್ತಿ ಪುಸ್ತಕದಲ್ಲಿ ಬರೆಯುವ ತನಕ ಮುಟ್ಟುವುದಿಲ್ಲವಂತೆ. ಲಾರಿ ನಾಲ್ಕು ದಿನದಿಂದ ಖಾಲಿ ನಿಂತಿದೆ. ಸಾಹುಕಾರರು ನನ್ನನ್ನು ಕೆಲಸದಿಂದ ಬಿಡಿಸಿದರು. ಆ ಬಗ್ಗೆ ದೂರಿಲ್ಲ. ಸೋಮವಾರ ಪಂಚಾಯ್ತಿ ಸಭೆ. ನನ್ನ ತಪ್ಪೊಪ್ಪಿಗೆಯನ್ನು ನಾನೇ ನಿಂತು ಓದುತ್ತೇನೆ, ಬರೆದಿಟ್ಟಿದ್ದೇನೆ.

ಆದರೆ ಅದಕ್ಕೆ ಮೊದಲು ಅತ್ತೆಗೆ ಹೇಳಬೇಕು. ಊರಿನವರಿಗೆಲ್ಲ ಹೇಳಿದವನಿಗೆ ನಿಮ್ಮ ಮನೆಯ ಮೆಟ್ಟಿಲು ಹತ್ತಲು ಈ ನಾಲ್ಕು ದಿನ ಆಗಿಲ್ಲ. ಅವರಿಗೆ ಸುದ್ದಿ ಮುಟ್ಟಿಯೇ ಇರುತ್ತದೆ. ನೆನ್ನೆ ಸಂಜೆ ಬೀದಿಯ ಕೊನೆಯಿಂದ ನೋಡಿದೆ: ರಂಗಪ್ಪ ನಿಮ್ಮ ಜಗುಲಿಯ ಮೇಲೆ ತಲೆತಗ್ಗಿಸಿ ಕೂತಿದ್ದ, ಅತ್ತೆ ಅವನಿಗೆ ಕಾಫಿ ಕೊಡುತ್ತಿದ್ದರು. ಈಗ ಹೊರಟೆ ಮಾವ. ನನಗೆ ಕೂರು ಎನ್ನದಿದ್ದರೂ ನಿಂತೇ ಹೇಳುತ್ತೇನೆ.