ಗಾಳಿ ಎತ್ಲಾಗೈತೆ, ಮಾವ?

ಮಾವ,

ನಿನ್ನೆ ನಿನ್ನ ಕಣದಲ್ಲಿ ಅತ್ತೆಯ ತಲೆ ತುಂಬ ರಾಗಿ ಹೊಟ್ಟು ಸುರಿದೆ. ಬೇಕೆಂದು ಮಾಡಲಿಲ್ಲ. ಈ ಸಲ ರಾಗಿಯನ್ನೆಲ್ಲ ಮಿಷನ್ನಿಗೆ ಹಾಕಿಸಿದರು, ತಳದಲ್ಲಿ ಉಳಿದ ಎರಡು ಮೂಟೆಯಷ್ಟನ್ನು ಮಾತ್ರ ಕೈಯಲ್ಲಿ ತೂರಬೇಕಿತ್ತು. ನೀನಿಲ್ಲದ ಮೊದಲ ಸುಗ್ಗಿ. ಮೊರ ಹಿಡಿದು, ನೀನು ನಿಂತು ತೂರುತ್ತಿದ್ದ ಮೆಟ್ಟು ಹತ್ತಿದೆ. ಕೆಳಗಿನಿಂದ ಅತ್ತೆ ಕೇಳಿದರು, "ಗಾಳಿ ಎತ್ಲಾಗೈತ್ಲಾ?" ನಾನು "ಮೂಡ್ಲು" ಅಂದೆ. ಅವರು ನೆಮ್ಮದಿಯಾಗಿ ಪಡುವಲ ಕಡೆ ಹೋಗಿ ಕೂತರು. ಮೊದಲನೇ ಮೊರಕ್ಕೇ ಹೊಟ್ಟೆಲ್ಲ ಅವರ ಮೇಲೆ.

"ಲೇ, ಮೂಡ್ಲು ಅಂದ್ಯಲ್ಲೋ! ಕಣ್ಣು ಕಾಣಕ್ಕಿಲ್ವಾ?"

"ಮೂಡ್ಲಿಂದ ಬತ್ತೈತೆ ಅಂದೆ ಕಣತ್ತೆ."

"ಎಲ್ಲಿಂದ್ ಬಂದ್ರೆ ನಂಗೇನ್ಲಾ? ಎಲ್ಲಿಗ್ ಹೋಯ್ತದೆ ಅದ್ನ ಹೇಳು!"

ಅತ್ತೆ ಬೈದದ್ದು ಸರಿ. ನೀನು ಕಲಿಸಿದ್ದೂ ಹಾಗೆಯೇ ಅಲ್ಲವಾ? ಕಣದಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೊಟ್ಟು ಯಾರ ಮನೆಗೆ ಹೋಗುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದಷ್ಟೇ ಮುಖ್ಯ. ಕಡಲಿನಲ್ಲಿ ಅದು ತಲೆಕೆಳಗು. ಅಲ್ಲಿ ಗಾಳಿ ಎಲ್ಲಿಂದ ಬರುತ್ತದೋ ಆ ದಿಕ್ಕಿನದೇ ಹೆಸರು. ಈ ಒಂದು ಮಾತಿಗೆ ಹದಿಮೂರು ದಿನದ ಹಿಂದೆ ನಾನು ಒಬ್ಬನ ತಲೆ ಒಡೆಯುವವನಿದ್ದೆ. ಅದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಹಾಯಿದೋಣಿ ನಡೆಸುವುದನ್ನು ಕಲಿಯಲು ಕರಾವಳಿಗೆ ಹೋಗುತ್ತೇನೆ ಎಂದ ದಿನ ನೀನು ನಕ್ಕದ್ದು ನೆನಪಿದೆ. ಯಗಚಿ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ಲೈಫ್ ಜಾಕೆಟ್ ಕಟ್ಟುತ್ತಿದ್ದವನು ನಾನು. ಅಲ್ಲಿಗೆ ಸಣ್ಣ ಹಾಯಿದೋಣಿ ತಂದಿದ್ದ ಮೇಡಂ ಒಬ್ಬರು ನನ್ನನ್ನು ಕೂರಿಸಿಕೊಂಡು ಹೋಗಿ, ಗಾಳಿ ತಿರುಗುವ ಮೊದಲೇ ನಾನು ಕಿವಿ ತಿರುಗಿಸುವುದನ್ನು ನೋಡಿ, "ಇದನ್ನ ಯಾರು ಹೇಳಿಕೊಟ್ರು?" ಎಂದು ಕೇಳಿದ್ದರು. ನಮ್ಮ ಮಾವ, ರಾಗಿ ತೂರುವಾಗ ಎಂದೆ. ಕರಾವಳಿಯಲ್ಲಿರುವ ತಮ್ಮ ಹಾಯಿದೋಣಿ ಶಾಲೆಗೆ ಮೇಡಂ ಕರೆದರು. ದಿನಗಟ್ಟಲೆ ಕಡಲಲ್ಲಿ ಇರುವಂಥ ದೊಡ್ಡ ಹಾಯಿದೋಣಿ, ಒಳಗೆ ಹಾಸಿಗೆ, ಒಲೆ ಎಲ್ಲ ಇರುತ್ತದೆ ಎಂದು ನಿನಗೆ ವಿವರಿಸಿದ್ದೆ.

"ದೋಣಿ ಒಳಗೆ ಒಲೆ ಐತಾ?"

"ಐತೆ. ದೋಣಿ ವಾಲಿದ್ರೂ ಒಲೆ ನೆಟ್ಟಗೇ ತೂಗಾಡ್ತಾ ಇರ್ತದೆ."

"ಮತ್ತೆ ಮುದ್ದೆ ತೊಳ್ಸೋವಾಗ ಪಾತ್ರೆ ಯಾವನ್ಲಾ ಹಿಡ್ಕತಾನೆ?"

ಆ ಪ್ರಶ್ನೆಗೆ ಅಲ್ಲಿಯವರು ಗಂಜಿ ಬೇಯಿಸಿಕೋ ಅನ್ನುತ್ತಾರೆ ಮಾವ. ಕೇಳಿ ನೋಡಿದೆ.

ಅರಸೀಕೆರೆಯ ಗ್ಯಾರೇಜಿನ ಕೆಲಸ ಬಿಟ್ಟು ಬಂದಾಗಲೂ ನಾನು ನಿನ್ನ ಜಗಲಿಗೇ ಬಂದು ಕೂತಿದ್ದೆ. ಹಳೇ ಸಾಮಾನನ್ನು ಹೊಸದೆಂದು ಹಾಕುತ್ತಿದ್ದಾರೆ ಎಂದು ಗಿರಾಕಿಯ ಎದುರಿಗೇ ಹೇಳಿ ಬಂದಿದ್ದೆ. ಅದಕ್ಕೂ ಮುಂಚೆ ಹತ್ತನೇ ಕ್ಲಾಸಿನಲ್ಲಿ, ರೆಕಾರ್ಡ್ ಪುಸ್ತಕ ನಾನು ಬರೆದದ್ದಲ್ಲ, ನಕಲು ಮಾಡಿದ್ದು ಎಂದು ಮೇಷ್ಟರಿಗೆ ಹೇಳಿ ಬ್ಯಾಗು ಎತ್ತಿಕೊಂಡು ಹೊರಟಿದ್ದೆ. ಮೇಷ್ಟರು ಹೋಗು ಅನ್ನಲಿಲ್ಲ. ನಾನೇ ಹೋದೆ. ಬಿಕ್ಕೋಡಿನಲ್ಲಿ ಜೀಪು ಓಡಿಸುತ್ತಿದ್ದಾಗಲೂ ಇಂಥದೇ ಒಂದು... ಬಿಡು, ನಿನಗೆ ಗೊತ್ತು. ನೀನು ಬೈಯಲಿಲ್ಲ. ಎಲೆಗೆ ಸುಣ್ಣ ಸವರುತ್ತಾ ಅಂದೆ, "ನಿನ್ ಸತ್ಯ ನಿಂಗೊಂದು ಬಾಗ್ಲು ಕಣ್ಲಾ. ಒಳೀಕ್ ಬರಕ್ಕಲ್ಲ, ಆಚಿಗ್ ಹೋಗಕ್ಕೆ."

ನನಗೆ ಆಗ ಅರ್ಥವಾಗಲಿಲ್ಲ. ಈಗ ಆಗಿದೆಯಾ? ಅದೂ ಗೊತ್ತಿಲ್ಲ.

ನೀನು ಹೋದ ದಿನ ನಾನು ದಡದಿಂದ ದೂರವಿದ್ದೆ, ಫೋನು ಸಿಗಲಿಲ್ಲ. ಹಳೇಬೀಡಿಗೆ ಬಂದು ಇಳಿಯುವಷ್ಟರಲ್ಲಿ ಮಣ್ಣಾಗಿತ್ತು. ಮೂರನೇ ದಿನ ವಾಪಸ್ ಹೋಗಿ ತರಗತಿಯಲ್ಲಿ ಕೂತೆ. ನೀನು ಇದ್ದಿದ್ದರೆ ಆಶ್ಚರ್ಯಪಡುತ್ತಿದ್ದೆ. ನಕ್ಷೆಯ ಮೇಲೆ ಗೆರೆ ಎಳೆಯುವುದು, ಉಬ್ಬರ ಇಳಿತದ ಲೆಕ್ಕ, ಲಂಗರು ಹಾಕುವುದು, ಎಲ್ಲ ಕಲಿತೆ. ಕಷ್ಟವಾದದ್ದು ಒಂದೇ. ದೋಣಿಯ ಯಜಮಾನ, ಅಲ್ಲಿ ಸ್ಕಿಪ್ಪರ್ ಅನ್ನುತ್ತಾರೆ, ತಾನು ಹಗ್ಗ ಮುಟ್ಟಬಾರದು. ಬಾಯಲ್ಲಿ ಹೇಳಿ ಬೇರೆಯವರಿಂದ ಮಾಡಿಸಬೇಕು. ಕೈ ಸುಮ್ಮನಿದ್ದು ಬಾಯಿ ಮಾತ್ರ ಓಡಬೇಕು ಎಂದರೆ ನನಗೆ ಮೈಯೆಲ್ಲ ಕಡಿಯುತ್ತದೆ.

ಪರೀಕ್ಷೆಯ ದಿನ ನಾನು ಸ್ಕಿಪ್ಪರ್. ಚುಕ್ಕಾಣಿ ಹಿಡಿದವನು ಡೆನ್ಸಿಲ್, ನನ್ನ ಜೊತೆ ಕಲಿಯುವ ಕರಾವಳಿ ಹುಡುಗ. ಪರೀಕ್ಷೆ ಮಾಡುವ ಸಾಹೇಬರು ನೀರಿಗೆ ಒಂದು ತೇಲುಗುಂಡು ಎಸೆದು, "ಮನುಷ್ಯ ಬಿದ್ದ, ಎತ್ತಿಸಿ" ಎಂದರು. ಗಾಳಿಗೆ ಎದುರಾಗಿ ತಿರುಗಿದರೆ ಮಾತ್ರ ದೋಣಿ ಬಿದ್ದವನ ಪಕ್ಕ ನಿಲ್ಲುತ್ತದೆ. ಅದು ನೆಲದ ಗಾಳಿ ಕಮ್ಮಿಯಾಗಿ ಕಡಲ ಗಾಳಿ ಏಳುವ ಹೊತ್ತು. ಗಾಳಿ ಇನ್ನೂ ಮೂಡಲಿಂದಲೇ ಸಣ್ಣಗೆ ಬರುತ್ತಿರುವುದು ನನ್ನ ಕಿವಿಗೆ ಗೊತ್ತಾಗಿತ್ತು. ಡೆನ್ಸಿಲ್ ಕೂಗಿ ಕೇಳಿದ, ಗಾಳಿ ಯಾವ ಕಡೆ ಎಂದು. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿನ್ನ ಕಣದ ಮಾತು. "ಪಡುವಲು!"

ಗಾಳಿ ಅಲ್ಲಿಂದ ಬರುತ್ತಿದೆ ಎಂದುಕೊಂಡು ಅವನು ಪಡುವಲಿಗೆ ತಿರುಗಿಸಿದ. ಗಾಳಿ ಬೆನ್ನಿಗೆ ಬಿತ್ತು. ಹಾಯಿಯ ತಳಕ್ಕೆ ಕಟ್ಟಿದ ಉದ್ದನೆಯ ಕಂಬ ಒಂದೇ ಸಲಕ್ಕೆ ಈ ಬದಿಯಿಂದ ಆ ಬದಿಗೆ ಬೀಸಿ ಬಂತು. ಡೆನ್ಸಿಲ್ ಕುಕ್ಕರಿಸಿದ. ಟೋಪಿ ಹೋಯಿತು. ತಲೆ ಉಳಿಯಿತು.

ಎರಡನೇ ಸುತ್ತಿಗೆ ಸರಿಯಾಗಿ ತಿರುಗಿಸಿ ಗುಂಡನ್ನು ಎತ್ತಿಸಿದೆ. ಸಾಹೇಬರು ಕೇಳಿದಾಗ ಡೆನ್ಸಿಲ್ ತಾನೇ, "ನನಗೆ ಕೇಳಿದ್ದು ತಪ್ಪಾಯ್ತು ಸರ್" ಎಂದ. ಅವನು ಹಾಗೆಯೇ ನಂಬಿದ್ದ. ಸಾಹೇಬರು ಅವನಿಗೆ ಎರಡು ಮಾತು ಅಂದು, ನನ್ನ ಬೆನ್ನು ತಟ್ಟಿ, ಪಾಸು ಎಂದರು.

ದಡಕ್ಕೆ ಬಂದು ಹಗ್ಗ ಕಟ್ಟಿದ ಮೇಲೆ ನಾನು ಹೇಳಿದೆ. "ಸರ್, ಅವನು ಸರಿಯಾಗೇ ಕೇಳಿಸ್ಕೊಂಡ. ನಾನೇ ತಪ್ಪು ಹೇಳ್ದೆ."

ಸಾಹೇಬರು ಮಡಚಿಟ್ಟಿದ್ದ ಹಾಳೆ ತೆಗೆದು ಬರೆದದ್ದನ್ನು ಹೊಡೆದು ಹಾಕಿದರು. ಆಮೇಲೆ, "ಹಾಗಾದ್ರೆ ಪಾಸು ಕೊಡೋಕೆ ಬರಲ್ಲ. ಹದಿನೈದು ದಿನ ಬಿಟ್ಟು ಸೋಮವಾರ ಬನ್ನಿ, ಅದೊಂದು ಭಾಗ ಮತ್ತೆ ಮಾಡಿ" ಎಂದರು. ಡೆನ್ಸಿಲ್ ನನ್ನನ್ನು ಪಕ್ಕಕ್ಕೆ ಎಳೆದ. "ಎಂಥ ಮಾರಾಯಾ ನೀನು? ಪಾಸಂತ ಹೇಳಿಯಾಗಿತ್ತಲ್ಲ. ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗುದಿಲ್ವಾ ನಿಂಗೆ?"

ಈಗ ನಿನ್ನನ್ನು ಕೇಳಬೇಕಾದದ್ದು ಇಲ್ಲಿದೆ ಮಾವ. ಆ ಕ್ಷಣ ನನಗೆ ಬೇಜಾರಾಗಲಿಲ್ಲ. ಹಗುರವಾಯಿತು. ಬ್ಯಾಗು ಎತ್ತಿಕೊಂಡು ಹತ್ತನೇ ಕ್ಲಾಸಿನಿಂದ ಹೊರಟ ದಿನ ಆದಷ್ಟೇ ಹಗುರ. ಯಾರಿಗೂ ಹೇಳದೆ ಬಸ್ಸು ಹತ್ತಿ ಇಲ್ಲಿಗೆ ಬಂದುಬಿಟ್ಟೆ. ಹಾಗಾದರೆ ನಾನು ನಿಜ ಹೇಳಿದ್ದು ಡೆನ್ಸಿಲ್‌ನ ಮೇಲಿನ ತಪ್ಪು ತೆಗೆಯಲಿಕ್ಕಾ, ಇಲ್ಲಾ ಪಾಸಾದರೆ ಮುಂದೆ ನಿಜವಾದ ಜನರನ್ನು ಕೂರಿಸಿಕೊಂಡು ಹೋಗಬೇಕಲ್ಲ ಎಂಬ ಹೆದರಿಕೆಗಾ? ಹೇಳಿದ್ದು ನಿಜವೇ. ಆದರೆ ಹೇಳಿದ್ದಕ್ಕೆ ಕಾರಣ ನಿಜವಲ್ಲದಿದ್ದರೆ... ಹಾಗೂ ಇರುತ್ತದಾ? ದಿನವೂ ಹುಲಿಕೆರೆ ಕಡೆಗೆ ನಡೆದುಕೊಂಡು ಹೋಗಿ ಬರುತ್ತೇನೆ. ಹೋಗುವಾಗ ಒಂದು ಉತ್ತರ ಸಿಗುತ್ತದೆ, ಬರುವಾಗ ಇನ್ನೊಂದು.

ಇವತ್ತು ಬೆಳಿಗ್ಗೆ ಡೆನ್ಸಿಲ್ ಫೋನು ಮಾಡಿದ. "ಸೋಮವಾರ ನಿನ್ನ ಚುಕ್ಕಾಣಿಗೆ ನನ್ನ ಹೆಸರೇ ಬರೆಸಿದ್ದೇನೆ" ಎಂದ.

"ನಿನ್ ತಲೆ ಮೇಲೆ ಆಸೆ ಇಲ್ವೇನೋ ನಿಂಗೆ?" ಎಂದೆ.

"ಉಳಿದವರೂ ತಪ್ಪು ಹೇಳ್ತಾರೆ ಮಾರಾಯಾ. ನೀನಾದ್ರೆ ತಪ್ಪು ಹೇಳಿದ್ದೆ ಅಂತ ಆಮೇಲೆ ಹೇಳ್ತಿ. ನಂಗೆ ನೀನೇ ಸಾಕು. ಬಾ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆದರೆ ನನ್ನ ಸತ್ಯಕ್ಕೆ ಯಾರಾದರೂ ಬಾ ಎಂದದ್ದು ಇದೇ ಮೊದಲು.

ಇನ್ನೊಂದು ವಿಷಯ ನಿನಗೆ ಗೊತ್ತಿತ್ತಾ? ನಾನು ಇಲ್ಲಿಯವರೆಗೆ ಯಾವುದರಲ್ಲೂ ಫೇಲಾಗಿಲ್ಲ. ಫೇಲಾಗುವಷ್ಟು ಹೊತ್ತು ಎಲ್ಲೂ ನಿಂತವನೇ ಅಲ್ಲ. ನಾಳೆ ಬೇಲೂರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಪಾಸಾಗುತ್ತೇನೆ ಎಂದು ಮಾತು ಕೊಡುವುದಿಲ್ಲ, ಸುಳ್ಳಾದೀತು. ಫೇಲಾದರೆ ಫೇಲಾಗಿಯೇ ಬರುತ್ತೇನೆ ಮಾವ, ಬಿಟ್ಟು ಬರುವುದಿಲ್ಲ.

ನಿನ್ನ ಅಳಿಯ,
ನಾಗೇಶ